ಸೊಸೆಗಾಗಿ ಸೋಸಿದ ನೀರು

ಹಾಸನ
9 ಫೆಬ್ರವರಿ 2025, ಭಾನುವಾರ

ಚನ್ನರಾಯಪಟ್ಟಣದ ಅತ್ತೆ ಜಯಲಕ್ಷ್ಮಮ್ಮನವರ ಪಾದಗಳಿಗೆ ಹಾಸನದ ಅಳಿಯನ ನಮಸ್ಕಾರಗಳು.

ಮೊದಲಿಗೆ ತಪ್ಪೊಪ್ಪಿಗೆ. ಹೋದ ವಾರ ಮಗುವನ್ನು ನೋಡಲು ಬಂದಿದ್ದ ನಾನು, ಹೊರಡುವಾಗ ನಿಮ್ಮ ಮನೆಯಿಂದ ಒಂದು ವಸ್ತು ಕದ್ದೆ. ಬೆಳ್ಳಿ ಲೋಟ ಎಣಿಸಲು ಏಳಬೇಡಿ. ಕದ್ದದ್ದು ನೀರು, ನಿಮ್ಮ ಹಿತ್ತಲ ಬಾವಿಯದು, ಒಂದು ಬಾಟಲಿ. ಚಿನ್ನ ಕದ್ದವನಿಗೆ ಜಾಮೀನು ಸಿಗುತ್ತದೆ. ಬಾಣಂತಿ ಇರುವ ಮನೆಯ ನೀರು ಕದ್ದವನಿಗೆ ಉಂಟೋ ಇಲ್ಲವೋ, ನೀವೇ ಹೇಳಬೇಕು. ಇದನ್ನು ಫೋನಿನಲ್ಲೇ ಅರುಹಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆಯೇ "ಇಡ್ತೀನಿ ಕಣಪ್ಪಾ" ಎಂದುಬಿಡುತ್ತೀರಿ. ಪತ್ರದಲ್ಲಿ ಆ ಸೌಲಭ್ಯವಿಲ್ಲ.

ಕಳ್ಳತನಕ್ಕೆ ಪ್ರೇರಣೆಯೂ ನೀವೇ. ಹಿಂದೊಮ್ಮೆ ನಮ್ಮ ಮನೆಗೆ ಬಂದಿದ್ದಾಗ ಬಚ್ಚಲಿನ ಬಕೆಟ್ಟಿಗೆ ಇಣುಕಿ ನೀವು ಕೊಟ್ಟ ತೀರ್ಪು ಇನ್ನೂ ಕಿವಿಯಲ್ಲಿದೆ: "ಏನಪ್ಪಾ ಇದು, ನೀರೋ ಟೀಯೋ? ಈ ತುಕ್ಕಲ್ಲಿ ನನ್ ಮೊಮ್ಮಗೀನ ಮೀಯಿಸ್ತೀರಾ? ನೀರು ನೆಟ್ಟಗಾಗೋಗಂಟ ತಾಯಿ ಮಗು ಇಬ್ರೂ ನನ್ ತಾವೇ ಇರ್ತವೆ." ನಮ್ಮ ಬೋರ್‌ವೆಲ್ಲಿನಲ್ಲಿ ಕಬ್ಬಿಣ ಹೆಚ್ಚು ಎಂದು ಗೊತ್ತಿತ್ತು, ನಿಮ್ಮ ಮಾತಿನಲ್ಲೂ ಅಷ್ಟೇ ಇದೆ ಎಂದು ಅಂದು ಗೊತ್ತಾಯಿತು. ನಲ್ಲಿ ಸರಿಯಿಲ್ಲವೆಂದು ನಲ್ಲೆಯೂ ಇಲ್ಲದ ಮನೆಯಾಯಿತು ನನ್ನದು. ಹೆತ್ತ ಮಗಳನ್ನು ನೆಂಟನಂತೆ ನೋಡಿ ಬರುತ್ತಿದ್ದೇನೆ. ಹೆಗಲಿಗೆ ಚೀಲ ಹಾಕಿಕೊಂಡು ಬಂದು ಹೋಗುವ ನನ್ನನ್ನು ಅವಳು ಬಸ್ ಕಂಡಕ್ಟರ್ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಆದ್ದರಿಂದ ಇಡೀ ಮನೆಯ ನೀರು ಸೋಸುವ ಫಿಲ್ಟರ್ ತರಿಸಿದೆ. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೇ ಕೂರುವಂಥದ್ದು: ಎರಡು ನೀಲಿ ಡಬ್ಬಿ, ಅವುಗಳೊಳಗೆ ದಪ್ಪ ಬತ್ತಿಗಳು, ಒಂದು ಮಣ್ಣು ಹಿಡಿಯಲು, ಇನ್ನೊಂದು ಕಬ್ಬಿಣ ಹಿಡಿಯಲು. ಪ್ಲಂಬರ್ ಪಾಲಾಕ್ಷನನ್ನು ಕರೆಸೋಣ ಎಂದರು ಅಮ್ಮ. ನಾನು ಒಪ್ಪಲಿಲ್ಲ. ಮಗಳಿಗಾಗಿ ಅಪ್ಪ ಮಾಡುವ ಮೊದಲ ಕೆಲಸ ಇದು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಿಗೆ ಒಂದು ಪೈಪು ಅರ್ಥವಾಗುವುದಿಲ್ಲವೇ? "ಸೋಸೋದು ಬಂದ್ರೆ ಸೊಸೆ ಬತ್ತಾಳೆ, ಅದೇನ್ ಮಾಡ್ತೀಯೋ ಮಾಡ್ಲಾ" ಎಂದು ಅಮ್ಮ ಕೈಚೆಲ್ಲಿದರು.

ಇವತ್ತು ಬೆಳಿಗ್ಗೆ ಪೈಪು ಕೊಯ್ದೆ. ನೀರು ಹರಿಯುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿ ಫಿಲ್ಟರ್ ಜೋಡಿಸಿದೆ. ಒಬ್ಬನೇ, ಅತ್ತೆ, ಯಾರ ಸಹಾಯವೂ ಇಲ್ಲದೆ. ಅಂಟು ಒಣಗಲೆಂದು ಬಿಟ್ಟು, ಕಾಫಿ ಕುಡಿದು ಬಂದು, ಬತ್ತಿ ನಿಲ್ಲಿಸಿಟ್ಟಿದ್ದ ಡಬ್ಬಿಗಳನ್ನು ತಿರುಪಿ ಕೂರಿಸಿದೆ. ವಾಲ್ವು ತೆರೆದು ಓಡಿಬಂದು ಬಚ್ಚಲ ನಲ್ಲಿ ಬಿಟ್ಟೆ. ಬಂತು. ಹಳದಿ! ಮೊದಲಿಗಿಂತಲೂ ಹಳದಿ. ನಲ್ಲಿಯ ನೀರಿನ ಜೊತೆ ನನ್ನ ನೀರೂ ಇಳಿದುಹೋಯಿತು.

ಬಿಚ್ಚಿ ನೋಡಿದರೆ ಬತ್ತಿಯ ನಡುವಿನ ತೂತಿನಲ್ಲಿ ಅರಿಶಿನ, ಕುಂಕುಮ, ಸೇವಂತಿಗೆಯ ಎಸಳು. ನಾನು ಕಾಫಿಗೆ ಹೋದ ಹೊತ್ತಿನಲ್ಲಿ ಅಮ್ಮ ಗಂಗೆಪೂಜೆ ಮುಗಿಸಿದ್ದರು. "ಒಸ ನೀರು ಮನೆಗ್ ಬರೋವಾಗ ಗಂಗಮ್ಮಂಗೆ ಅರಿಶ್ನ ಕುಂಕ್ಮ ಬ್ಯಾಡ್ವೇನ್ಲಾ?" ಎಂದರು. ಹೊರಗೆ ಹಚ್ಚಬೇಕಿತ್ತಮ್ಮಾ ಎಂದೆ. "ಗಂಗಮ್ಮ ಒಳಗಲ್ವಾ ಇರಾದು?" ಎಂದರು.

ತೊಳೆದೆ, ಮತ್ತೆ ಕೂರಿಸಿದೆ, ನಲ್ಲಿ ಬಿಟ್ಟೆ, ಹಳದಿಯೆಲ್ಲ ಹರಿದುಹೋಗಲೆಂದು ಕಾದೆ. ಅತ್ತೆ, ಇಲ್ಲಿಂದ ತಮಾಷೆಯಿಲ್ಲ.

ಬಕೆಟ್ಟಿನಲ್ಲಿ ನೀರೇ ಇಲ್ಲವೆಂದುಕೊಂಡು ಕೈಯಿಟ್ಟೆ, ಮೊಣಕೈವರೆಗೆ ತಣ್ಣಗಾಯಿತು. ಅಷ್ಟು ತಿಳಿ. ಈ ಬಕೆಟ್ಟಿಗೊಂದು ತಳವಿದೆ, ಆ ತಳದಲ್ಲಿ ಸಣ್ಣ ಹೂವಿನ ಅಚ್ಚಿದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಬೆರಳಾಡಿಸಿದರೆ ಆ ಹೂವಿನ ಮೇಲೆ ಬೆಳಕಿನ ಬಲೆ ಅಲುಗಿತು. ಭೂಮಿಯ ಕತ್ತಲಲ್ಲಿ ಎಷ್ಟು ಕಾಲದಿಂದ ಕಬ್ಬಿಣ ಹೊದ್ದು ಮಲಗಿತ್ತೋ ಈ ನೀರು, ನನ್ನ ಮಗಳನ್ನು ಮೀಯಿಸುವ ಮೊದಲು ತಾನೇ ಮಿಂದು ಬಂದಂತಿತ್ತು. ಅಮ್ಮನೂ ನಾನೂ ದೇವರ ಮುಂದೆ ನಿಂತವರಂತೆ ಬಚ್ಚಲಲ್ಲಿ ನಿಂತಿದ್ದೆವು. ನಮ್ಮ ನೀರು ನಿಂತಷ್ಟೂ ಕೆಂಪಾಗುವ ಜಾತಿ ಎಂದು ಸಂಜೆಯವರೆಗೂ ಕಾದೆ. ಆಗಲಿಲ್ಲ. ನಿಮ್ಮ ಬಾವಿಯದೊಂದು ಲೋಟ, ನಮ್ಮದೊಂದು ಲೋಟ ಪಕ್ಕಪಕ್ಕ ಇಟ್ಟೆ. ಯಾವುದು ಯಾವುದೆಂದು ಇಟ್ಟ ನನಗೇ ಮರೆತುಹೋಯಿತು.

ಮುಂದಿನ ಭಾನುವಾರ ನೀವೇ ಬಂದು ಇಣುಕಿ ನೋಡಿ. ಬರುವಾಗ ದಯವಿಟ್ಟು ಆಶಾಳನ್ನೂ ಪುಟ್ಟಿಯನ್ನೂ ಕರೆತನ್ನಿ. ನೀರು ನಿಮಗೆ ಒಪ್ಪಿಗೆಯಾದರೆ ಅವರಿಬ್ಬರೂ ಇಲ್ಲೇ ಉಳಿಯಲಿ.

ತೀರ್ಪಿಗಾಗಿ ಬಚ್ಚಲ ಬಾಗಿಲಲ್ಲೇ ಕಾದಿರುವ,
ಶಶಿಕುಮಾರ್

ತಾ.ಕ.: "ಯಾರ ಸಹಾಯವೂ ಇಲ್ಲದೆ" ಎಂದದ್ದನ್ನು ಓದಿಸಿಕೊಂಡ ಅಮ್ಮ "ಅತ್ತೇಗೆ ಸುಳ್ ಬರೀಬ್ಯಾಡ ಕಣ್ಲಾ" ಎಂದು ಪಟ್ಟು ಹಿಡಿದಿದ್ದಾರೆ. ಬಾಣವನ್ನು ಹಿಂದುಮುಂದಾಗಿ ಇಟ್ಟವನು ನಾನು. ಸರಿಮಾಡಿಸಿದವಳು ನಿಮ್ಮ ಮಗಳು, ಫೋನಿನಲ್ಲಿ. ಇಲ್ಲಿಗೆ ಬರಲು ಅವಳಿಗೆ ಇಷ್ಟು ಅವಸರ ಎಂದು ತಿಳಿದರೆ ನೀವು ನೊಂದುಕೊಳ್ಳುತ್ತೀರೆಂದು, ಹೇಳಿಕೊಡಬೇಕಾದ್ದನ್ನೆಲ್ಲ ನಿಮಗೆ ತಿಳಿಯದಂತೆ ರಾಗವಾಗಿ ಹೇಳಿದಳು. ಇಂದು ಬೆಳಿಗ್ಗೆ ಒಳಕೋಣೆಯಿಂದ "ಜೋ ಜೋ, ಬಾಣ ತಿರುಗ್ಸಿ ಜೋ ಜೋ, ಅಯ್ಯೋ ಅದಲ್ಲಾರೀ ಜೋ ಜೋ" ಎಂದು ನಿಮಗೆ ಕೇಳಿಸಿದ್ದರೆ, ಆ ಜೋಗುಳ ನನಗೆ ಹಾಡಿದ್ದು. ಮಗು ಆಗಲೇ ಮಲಗಿತ್ತಂತೆ.