ಕೊಟ್ರಮ್ಮನ ಕೈಗೆ ಸಿಗದ ಗೇರು

ಫೆಬ್ರವರಿ 30, 2169
ಹೊಳೆಸಾಲು ಬೀದಿ, ಹರಿಹರ

ಹಳೆಯ ಅಂಬಾಸಿಡರ್ ಕಾರೊಂದನ್ನು ಈಗ ಸುಧಾರಿಸುತ್ತಿರುವ, ಹೆಸರು ಗೊತ್ತಿಲ್ಲದ ನಿಮಗೆ,

ಒಬ್ಬ ಹೆಂಗಸು ಓಡಿಸುತ್ತಿದ್ದ ಕಾರನ್ನು ನಾವು ಅವಳನ್ನು ಕೇಳದೆ ಬದಲಾಯಿಸಿದೆವು. ಈಗ ಅವಳು ಅದನ್ನು ಓಡಿಸಲಾರಳು. ಆ ಕೆಲಸ ಮಾಡಿದ ಗುಂಪಿನ ಮುಂದಾಳು ನಾನು. ನನ್ನ ಹೆಸರು ಹಾಲೇಶ, ವಯಸ್ಸು ಹತ್ತೊಂಬತ್ತು.

ಮೇಲಿನ ತಾರೀಖು ನೋಡಿ ಇದು ಯಾರದೋ ತಮಾಷೆ ಎಂದು ಕಾಗದ ಎಸೆಯಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ಐದು ದಿನಗಳಿಗೆ ಹೆಸರಿಲ್ಲ. ಆ ದಿನಗಳಲ್ಲಿ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಬರವಣಿಗೆ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಓದಲು ಕಲಿತದ್ದು ಸಕ್ಕರೆ ಗಿರಣಿಯ ಗೋಡೆಗೆ ಅಂಟಿಸುತ್ತಿದ್ದ ಕರಪತ್ರಗಳಿಂದ. ಹಾಗಾಗಿ ನನ್ನ ವಾಕ್ಯಗಳು ಕೆಲವೊಮ್ಮೆ ಭಾಷಣದ ಹಾಗೆ ಎದ್ದು ನಿಲ್ಲುತ್ತವೆ. ಇಂದು ಅವನ್ನು ಕೂರಿಸಿಯೇ ಬರೆಯಲು ನೋಡುತ್ತೇನೆ.

ಈ ಕಾಗದ ನಿಮ್ಮನ್ನು ಮುಟ್ಟಿದ್ದು ಹಿಂದಂಚೆಯಿಂದ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ಒಬ್ಬ ಮನುಷ್ಯನಿಗೆ ಬದುಕಿನಲ್ಲಿ ಒಂದೇ ಕಾಗದ. ಅದು ಹೋಗುತ್ತದೆ, ಉತ್ತರ ಬರುವುದಿಲ್ಲ, ಕಾಗದವಲ್ಲದೆ ಬೇರೇನೂ ಅದರಲ್ಲಿ ಸಾಗುವುದಿಲ್ಲ. ಸಾಮಾನ್ಯವಾಗಿ ಜನ ಅದನ್ನು ಮುಪ್ಪಿನವರೆಗೆ ಕಾದಿಟ್ಟು, ತೀರಿಹೋದ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ಒಂದು ಗೇರ್ ರಾಡಿಗಾಗಿ ಬರೆಯುತ್ತಿದ್ದೇನೆ ಎಂದು ಕೇಳಿ ಅಂಚೆ ಮನೆಯಾಕೆ, "ತಲಿ ಸರಿ ಐತೇನಪ್ಪ? ಮುಂದ ಹೆಂಡ್ತಿ ಸತ್ರೆ ಯಾವುದ್ರಾಗ ಬರೀತಿ?" ಎಂದಳು. ನನಗಿನ್ನೂ ಮದುವೆಯೇ ಆಗಿಲ್ಲ ಎಂದೆ. "ಹಿಂಗ ಇದ್ರ ಆಗೋದೂ ಇಲ್ಲ ಬಿಡು" ಎಂದು ಮುದ್ರೆ ಒತ್ತಿದಳು.

ನಮ್ಮಲ್ಲಿ ಯಾರಿಗೂ ಸ್ವಂತ ಕಾರಿಲ್ಲ. ಬೀದಿಗೊಂದು ಕಾರು, ಕಾರಿಗೊಬ್ಬರು ಚಾಲಕರು. ನಮ್ಮ ಬೀದಿಯದು ನಿಮ್ಮ ಕಾಲಕ್ಕಿಂತಲೂ ಹಿಂದಿನ ಅಂಬಾಸಿಡರ್, ಹಾಲಿನ ಬಣ್ಣ, ಗುಂಡು ಬೆನ್ನು. ಮೈಯ ಅರ್ಧ ತಗಡು ಆಮೇಲಿನದು. ಕಬ್ಬಿನ ಸ್ಪಿರಿಟ್ಟಿನಲ್ಲಿ ಓಡುತ್ತದೆ; ಅದು ಹೋದ ದಾರಿಯಲ್ಲಿ ಸ್ವಲ್ಪ ಹೊತ್ತು ಬೆಲ್ಲದ ಗಾಣದ ವಾಸನೆ ನಿಂತಿರುತ್ತದೆ. ಬಸುರಿಯರನ್ನು ಹೊಳೆಯಾಚೆಯ ಆಸ್ಪತ್ರೆಗೆ ಒಯ್ಯುವುದು, ಕೂಸಿನ ಜೊತೆ ವಾಪಸು ತರುವುದು, ಮದುಮಕ್ಕಳನ್ನು ಮೆರೆಸುವುದು, ಮಳೆಗಾಲದಲ್ಲಿ ಶವಗಳನ್ನು ಸಾಗಿಸುವುದು, ಎಲ್ಲವೂ ಅದರಲ್ಲೇ. ಮೂವತ್ತು ವರ್ಷದಿಂದ ಅದನ್ನು ಓಡಿಸಿದವರು ಕೊಟ್ರಮ್ಮ. ಬೀದಿಯ ಚಿಕ್ಕವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತೇವೆ. ನಾನು ಹುಟ್ಟಿದ ಮೂರನೆಯ ದಿನ ಮನೆಗೆ ಬಂದದ್ದು ಅವರ ಕಾರಿನಲ್ಲಿ.

ಚಿಕ್ಕಂದಿನಲ್ಲಿ ದೊಡ್ಡವ್ವನ ಎಡ ಮೊಣಕೈ ಮುರಿದು, ಮಡಿಸಿದ ಹಾಗೆಯೇ ಕೂಡಿಕೊಂಡಿದೆ. ಆ ಕೈ ನೆಟ್ಟಗಾಗುವುದಿಲ್ಲ, ಕೆಳಕ್ಕೆ ಚಾಚುವುದಿಲ್ಲ. ಆದರೆ ಆ ಕಾರಿನ ಗೇರು ನೆಲದಲ್ಲಿರಲಿಲ್ಲ, ಸ್ಟೇರಿಂಗಿನ ಪಕ್ಕದಲ್ಲೇ ಇತ್ತು. ಮಡಿಸಿದ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಅದರ ಹಿಡಿ. ಬೇರೆ ಬೀದಿಗಳವರು ನೋಡಿದರೆ ಅವರು ಗೇರು ಹಾಕುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ, ಕಿವಿಯ ಪಕ್ಕದ ಕೂದಲು ಸರಿಮಾಡಿಕೊಂಡಷ್ಟು ಸಲೀಸು.

ಇನ್ನು ಒಂದಳತೆಯ ವಿಷಯ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಒಂದು ಬೇಸಿಗೆ ಊರ ನೀರಿನ ಪಂಪು ನಿಂತಿತು. ಪಂಪು ಇತ್ತು, ಬೋಲ್ಟುಗಳು ಮೂಟೆಗಟ್ಟಲೆ ಇದ್ದವು, ಒಂದೂ ಕೂರಲಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಅಳತೆ. ಜನ ಸತ್ತರು. ಆಮೇಲೆ ಹುಟ್ಟಿದ್ದು ಒಂದಳತೆ ಚಳವಳಿ: ಇನ್ನು ಮೇಲೆ ಬೋಲ್ಟು, ಕೊಳವೆ, ಚಕ್ರ, ಹಿಡಿ ಎಲ್ಲವೂ ಐದೇ ಗಾತ್ರ. ಯಾವ ಯಂತ್ರದ್ದನ್ನು ಬಿಚ್ಚಿದರೂ ಇನ್ನೊಂದಕ್ಕೆ ಕೂರಬೇಕು. ನಾನು ಇದನ್ನು ಇವತ್ತಿಗೂ ನಂಬುತ್ತೇನೆ, ಇದಕ್ಕಾಗಿ ಜಗಳಕ್ಕೂ ನಿಲ್ಲುತ್ತೇನೆ. ಹೊಂದಿಕೆ ಇಲ್ಲದ ವಸ್ತು ಬಡವನ ಕೈಯಲ್ಲಿ ಕಸ. ಆದರೆ ಇದನ್ನು ಓದಿ ಓದಿ ನನಗೆ ಬೀದಿಯಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಶತ್ರು: ಆ ಹಾಲಿನ ಬಣ್ಣದ ಕಾರು. ಅದರ ಯಾವ ಭಾಗವೂ ಐದರಲ್ಲಿ ಒಂದಾಗಿರಲಿಲ್ಲ.

ಎರಡು ವರ್ಷ ನಾವು ಆರು ಜನ ಅದಕ್ಕೆ ಹೊಂದುವ ಭಾಗಗಳನ್ನು ಹುಡುಕಿದೆವು. ಫ್ಯಾನಿನ ಬೆಲ್ಟು ಸಿಕ್ಕಿದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಜರಡಿಯಲ್ಲಿ. ರೇಡಿಯೇಟರಿಗೆ ಮೆಣಸಿನಕಾಯಿ ಒಣಗಿಸುವ ಪೆಟ್ಟಿಗೆಯ ಕೊಳವೆ ಕೂತಿತು. ಮೊದಲ ವಾರ ಕಾರು ಹತ್ತಿದವರೆಲ್ಲ ಸೀನಿದರು. ಬ್ರೇಕಿಗೆ ನೂಲಿನ ಗಿರಣಿಯದು, ಮುಂದಿನ ದೀಪಕ್ಕೆ ದೋಣಿಯದು. ಆ ಕೆಲಸದಲ್ಲಿ ಸುಖವಿತ್ತು, ಸುಳ್ಳು ಹೇಳುವುದಿಲ್ಲ. ಒಂದು ವಸ್ತು ಇನ್ನೊಂದರೊಳಗೆ ಸದ್ದಿಲ್ಲದೆ ಕೂತಾಗ ಆಗುವ ಸಂತೋಷ ನಿಮಗೂ ಗೊತ್ತಿರುತ್ತದೆ.

ಅಲ್ಲಿಯವರೆಗೆ ನಾವು ಕೈಗೊಪ್ಪಿಸುವ ಪದ್ಧತಿಯನ್ನು ಮೀರಿರಲಿಲ್ಲ. ಯಾವ ಹೊಸ ಭಾಗವನ್ನೇ ಆಗಲಿ, ಕೂರಿಸುವ ಮುಂಚೆ ಚಾಲಕರನ್ನು ಸೀಟಿನಲ್ಲಿ ಕೂರಿಸಿ ಅವರ ಕೈಗೆ ಕೊಡಬೇಕು. ಅವರು ಕಣ್ಣು ಮುಚ್ಚಿ ಮುಟ್ಟಿ ನೋಡಿ "ಹೂಂ" ಎನ್ನಬೇಕು. ಆಮೇಲೆಯೇ ಪಾನಾ ಹಿಡಿದು ಬೋಲ್ಟು ತಿರುಗಿಸುವುದು. ಬೆಲ್ಟನ್ನೂ ದೊಡ್ಡವ್ವ ಹೀಗೇ ಮುಟ್ಟಿ, ಮೂಸಿ, "ಮಂಡಕ್ಕಿ ವಾಸ್ನಿ ಬರ್ತೈತಿ, ಹಸಿವಾತು. ಹೂಂ" ಎಂದಿದ್ದರು. ಇದು ಮೂಢನಂಬಿಕೆ, ಯಂತ್ರಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ ಎಂದು ನಾನೇ ಒಂದು ಕರಪತ್ರ ಬರೆದು ಹಂಚಿದೆ. ಅದನ್ನು ಓದಿ ಹೇಳು ಎಂದು ದೊಡ್ಡವ್ವನೇ ನನಗೆ ಹೇಳಿದರು. ಓದಿದೆ. "ಅಕ್ಷರ ಚಂದ ಅದಾವು" ಎಂದರು.

ಕೊನೆಗೆ ಉಳಿದದ್ದು ಗೇರು. ದೊಡ್ಡವ್ವ ಹೆಸರಿಲ್ಲದ ಐದು ದಿನಕ್ಕೆ ಕೊಟ್ಟೂರಿನ ತಂಗಿಯ ಮನೆಗೆ ಹೋಗಿದ್ದರು. ಅವರು ಬರುವುದರೊಳಗೆ ನೆಲದಲ್ಲಿ ತೂತು ಕೊರೆದು, ಒಂದಳತೆಯ ಹೊಸ ಗೇರು ನಿಲ್ಲಿಸಿ, ಅವರಿಗೆ ಆಶ್ಚರ್ಯ ಉಂಟುಮಾಡಬೇಕೆಂದು ನಾವು ನಿಶ್ಚಯಿಸಿದೆವು. ಅವರ ಕೈ ನೆನಪಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಆ ಕೈಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಕಾರಿನಲ್ಲಿ ಕೂತಾಗ ಅದು ಊನವಾದ ಕೈ ಎಂದು ಒಮ್ಮೆಯೂ ಕಂಡಿರಲಿಲ್ಲವಲ್ಲ, ಹಾಗಾಗಿ ನೆನಪಾಗಲಿಲ್ಲ. ಇದು ಸಮರ್ಥನೆಯಲ್ಲ. ನಡೆದದ್ದು ಹೀಗೆ.

ಬಿಚ್ಚಿದ ಹಳೆಯ ಹಿಡಿ, ಅದನ್ನು ಸ್ಟೇರಿಂಗ್ ಕೊಳವೆಗೆ ಹಿಡಿದಿದ್ದ ಕ್ಲಾಂಪು, ಕೆಳಕ್ಕೆ ಹೋಗುವ ಎರಡು ರಾಡು, ಎಲ್ಲವನ್ನೂ ಕುಲುಮೆಗೆ ಹಾಕಿದೆವು. ಹಾಡು ಹೇಳಿ, ಮಂಡಕ್ಕಿ ಎರಚಿ ಹಾಕಿದೆವು.

ದೊಡ್ಡವ್ವ ಬಂದ ದಿನ ಕಾರಿಗೆ ಸೇವಂತಿಗೆ ಮಾಲೆ ಕಟ್ಟಿದ್ದೆವು. ಬೀದಿಯವರೆಲ್ಲ ನಿಂತಿದ್ದರು. ಅವರು ನಗುತ್ತಲೇ ಹತ್ತಿ ಕೂತರು, ಸ್ಟಾರ್ಟ್ ಮಾಡಿದರು. ಎಡಗೈ ರೂಢಿಯಂತೆ ಎದ್ದು ಸ್ಟೇರಿಂಗಿನ ಪಕ್ಕಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲಿ ನಿಂತಿತು. ಕೈ ಬೀಸುತ್ತಿದ್ದಾರೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಎಲ್ಲಿಗೋತಲೇ ಹಾಲೇಶ?" ಎಂದು ಕೇಳಿದರು. ನಾನು ಬಗ್ಗಿ ನೆಲದ ಗೇರು ತೋರಿಸಿದೆ. ಅವರು ಒಂದು ಸಲ ಭುಜ ಓರೆ ಮಾಡಿ ಯತ್ನಿಸಿದರು, ಬೆರಳು ಮೊಣಕಾಲಿನ ಮೇಲೆಯೇ ನಿಂತವು. ಇಂಜಿನ್ ಆರಿಸಿ, ಇಳಿದು, ಸೆರಗಿನಿಂದ ಸೀಟು ಒರೆಸಿ, ಕೀ ನನ್ನ ಕೈಗೆ ಕೊಟ್ಟರು. "ಚಂದ ಮಾಡೀರಿ. ನೀನ ಓಡ್ಸು ತಮ್ಮಾ" ಎಂದರು. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ನನ್ನ ಬಳಿ ಕರಪತ್ರಗಳಿದ್ದವು.

ಅಂದಿನಿಂದ ಕಾರು ಓಡಿಸುತ್ತಿರುವವನು ನಾನು. ಅವರು ಸಂತೆಗೆ ಸೇತುವೆ ಮೇಲೆ ನಡೆದು ಹೋಗುತ್ತಾರೆ. ಪಕ್ಕದಲ್ಲಿ ನಿಧಾನಿಸಿ, ಹತ್ತು ದೊಡ್ಡವ್ವ ಎಂದರೆ, "ಹಿಂದ ಕುಂತ ರೂಢಿ ಇಲ್ಲಪ್ಪ" ಎನ್ನುತ್ತಾರೆ.

ಹಳೆಯ ಹಿಡಿ, ರಾಡಿನಂಥವೇ ಹೊಸವನ್ನು ಮಾಡಿಸಬಾರದೇ ಎಂದರೆ, ಮಾಡಿಸಿದೆವು. ನಮ್ಮ ಲೇತುಗಳು ಐದು ಗಾತ್ರ ಬಿಟ್ಟು ಆರನೆಯದನ್ನು ಕೊರೆಯುವುದಿಲ್ಲ. ಉಳಿದದ್ದನ್ನು ಅರದಲ್ಲಿ ಉಜ್ಜಿದೆವು. ಆದರೆ ಹಳೆಯ ರಾಡುಗಳ ಉದ್ದ ಎಷ್ಟು, ಬಾಗು ಎಲ್ಲಿ ಎಂದು ಕರಗಿಸುವ ಮುಂಚೆ ಆರು ಜನರಲ್ಲಿ ಒಬ್ಬನೂ ಅಳೆದಿರಲಿಲ್ಲ. ಎಲ್ಲವೂ ಹೊಂದುವ ಲೋಕದಲ್ಲಿ ಹುಟ್ಟಿದವರು ನಾವು, ನಮ್ಮ ಜೇಬಿನಲ್ಲಿ ಅಳತೆಪಟ್ಟಿಯೇ ಇರುವುದಿಲ್ಲ. ಅಂದಾಜಿನಲ್ಲಿ ಮಾಡಿದ ರಾಡು ಹಾಕಿ ಮೊದಲ ಗೇರೆಂದು ಎಳೆದರೆ ಕಾರು ಹಿಂದಕ್ಕೆ ಹೋಗಿ ಹೂವಿನ ಗಂಗಕ್ಕನ ಬುಟ್ಟಿ ಹತ್ತಿತು. "ನಿಮ್ ಸುಧಾರಣಿ ನನ್ ಮಲ್ಲಿಗಿ ಮ್ಯಾಲ ಬ್ಯಾಡ್ರಲೇ!" ಎಂದು ಅವಳು ಊರೆಲ್ಲ ಕೇಳುವಂತೆ ಕೂಗಿದಳು.

ಮಾರ್ಚ್ ಹದಿನೈದಕ್ಕೆ ಬೀದಿಯ ಸಭೆ. ಅಂದು ಚಾಲಕರ ಹೆಸರು ಖಾಯಂ ಆಗುತ್ತದೆ. ಅಷ್ಟರೊಳಗೆ ದೊಡ್ಡವ್ವ ಕಾರು ಓಡಿಸಿ ತೋರಿಸದಿದ್ದರೆ ಅವರ ಹೆಸರು ತೆಗೆದು ನನ್ನ ಹೆಸರು ಬರೆಯುತ್ತಾರೆ. ನಾನು ಒಲ್ಲೆ ಎಂದರೂ ಇನ್ನೊಬ್ಬನದು ಬರೆಯುತ್ತಾರೆ, ಅವರದಂತೂ ಇರುವುದಿಲ್ಲ.

ಈಗ ನಿಮ್ಮ ಮಾತು. ನಿಮ್ಮ ಕಾಲದಲ್ಲಿಯೂ ಇಂಥ ಕಾರುಗಳ ಗೇರನ್ನು ಸ್ಟೇರಿಂಗಿನಿಂದ ನೆಲಕ್ಕೆ ಇಳಿಸುತ್ತಾರೆಂದು ಕೇಳಿದ್ದೇನೆ. ನೀವು ಇಳಿಸಿ. ನಾನು ತಡೆಯಲು ಯಾರು? ಕಾರು ನಿಮ್ಮದು, ಕೈಯೂ ನಿಮ್ಮದೇ. ಬಿಚ್ಚಿದ ಹಿಡಿ, ಕ್ಲಾಂಪು, ಎರಡು ರಾಡು ಈಗ ನಿಮ್ಮ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದೊಳಗೆ ಗುಜರಿಯವನಿಗಾಗಿ ಕಾಯುತ್ತಿರಬಹುದು. ಅವನ್ನು ಅವನಿಗೆ ಕೊಡಬೇಡಿ. ದಪ್ಪಗೆ ಗ್ರೀಸು ಬಳಿದು, ಟಾರ್ಪಾಲಿನಲ್ಲಿ ಸುತ್ತಿ, ಪಿವಿಸಿ ಪೈಪಿನೊಳಗಿಟ್ಟು ಎರಡೂ ಬಾಯಿ ಮುಚ್ಚಿ. ಕಬ್ಬಿಣ ಹಿಂದಂಚೆಯಲ್ಲಿ ಬರುವುದಿಲ್ಲ, ಮುಂದಕ್ಕೆ ಮಾತ್ರ ಬರುತ್ತದೆ, ಎಲ್ಲರೂ ಬರುವ ಹಾಗೆ, ಒಂದೊಂದೇ ದಿನ ಕಳೆದು. ಹರಿಹರದ ಹೊರಗೆ, ಹೊಳೆದಂಡೆಯಲ್ಲಿ ಆನೆಬಂಡೆ ಎಂಬ ದೊಡ್ಡ ಕಲ್ಲಿದೆ. ಪ್ರವಾಹ ಅದರ ಬುಡಕ್ಕೆ ಬರುವುದಿಲ್ಲ. ಅದರ ಮೂಡಣ ಮಗ್ಗುಲಿಗೆ ಸೊಂಟದಾಳ ಅಗೆದು ಹೂಳಿ. ರಾಡುಗಳ ತುದಿ ಸೇರುವ ಗೇರ್‌ಪೆಟ್ಟಿಗೆಯ ಹಳೆಯ ಮುಚ್ಚಳ ಮಾತ್ರ ಬೇಡ. ನಮ್ಮ ಕಾರಿನದನ್ನು ನಮ್ಮವ್ವ ಮಂಡಕ್ಕಿ ಡಬ್ಬಿಯ ಮೇಲೆ ಭಾರಕ್ಕೆ ಇಟ್ಟಿದ್ದರಿಂದ ಕುಲುಮೆಗೆ ಹೋಗದೆ ಉಳಿದಿದೆ.

ಹೂತದ್ದು ನಿಜವಾದರೆ ಈಗಾಗಲೇ ಅಲ್ಲಿ ಇರಬೇಕಲ್ಲ, ಹೋಗಿ ಅಗೆದು ನೋಡು ಎನ್ನುತ್ತೀರಿ. ಗುದ್ದಲಿ ಹಿಡಿದು ಹೋಗಿ ಅಗೆಯದೆ ವಾಪಸು ಬಂದಿದ್ದೇನೆ. ಒಬ್ಬನೇ ತೆಗೆದು, ಒರೆಸಿ, ಕೂರಿಸಿ, ಮತ್ತೊಮ್ಮೆ ಮಾಲೆ ಕಟ್ಟಿ ಅವರನ್ನು ಕರೆಯುವ ಆಸೆ ನನ್ನೊಳಗೆ ಇನ್ನೂ ಇದೆ. ಅದಕ್ಕೇ ನಾಚಿಕೆ. ಈ ಸಲ ಹಾಗಾಗಬಾರದು. ನಿನ್ನೆ ದೊಡ್ಡವ್ವನ ಬಾಗಿಲಿಗೆ ಹೋಗಿ ಎಲ್ಲ ಹೇಳಿದೆ. ಕುಲುಮೆಯ ಮುಂದೆ ಹಾಡಿದ್ದನ್ನೂ ಹೇಳಿದೆ. ಅವರು ಮೊರದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ, "ಹಾಡು ಯಾವ್ದು?" ಎಂದರು. ಹೇಳಿದೆ. "ಅದು ಮದುವಿ ಹಾಡಲೇ, ದಡ್ಡ" ಎಂದರು. ಸಭೆಯ ಹಿಂದಿನ ದಿನ ಆನೆಬಂಡೆಗೆ ಬರುತ್ತೀರಾ ಎಂದು ಕೇಳಿದೆ. "ಬರ್ತೀನಿ. ಮಣ್ಣಾಗ ಏನೂ ಸಿಗ್ಲಿಲ್ಲ ಅಂದ್ರ ಮಿರ್ಚಿ ಕೊಡ್ಸು, ಅಷ್ಟು ದೂರ ನಡ್ಸಿದ್ದಕ್ಕ."

ನಾನು ಅಗೆಯುತ್ತೇನೆ, ತೆಗೆಯುವುದಿಲ್ಲ. ಸಿಕ್ಕಿದ್ದನ್ನು ಮೊದಲು ಮುಟ್ಟುವುದು ಆ ಮಡಿಸಿದ ಕೈ. ಅವರು ಹೂಂ ಎನ್ನುವವರೆಗೆ ನಾನು ಪಾನಾ ಹಿಡಿಯುವುದಿಲ್ಲ. ಅನ್ನದಿದ್ದರೆ ಅದನ್ನೂ ಒಪ್ಪುತ್ತೇನೆ.

ನೀವೂ ಅದೇ ದಿನ, ಅದೇ ಹೊತ್ತಿಗೆ ಬನ್ನಿ. ನೀವು ಹೂಳುವಾಗ ನಾವು ಅಗೆಯುತ್ತಿರುತ್ತೇವೆ. ನಡುವೆ ನೂರ ನಲವತ್ತೆರಡು ವರ್ಷ ಇದ್ದರೂ ಬಗ್ಗುವುದು ಒಂದೇ ಮಣ್ಣಿನ ಮೇಲೆ. ಆನೆಬಂಡೆಯ ಮೂಡಣ ಮಗ್ಗುಲು. ನಮಗೆ 2169, ನಿಮಗೆ 2027. ಮಾರ್ಚ್ ಹದಿನಾಲ್ಕು, ನಿಮ್ಮ ಲೆಕ್ಕಕ್ಕೆ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.