ಒಂದನೇ ಇಯತ್ತೆಯಲ್ಲಿ ನನ್ನ ಮಗಳು ತಡೆದುಕೊಳ್ಳುವುದನ್ನು ಕಲಿತಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳು ಭಾಗ್ಯಾ ಸರ್ಕಾರಿ ಶಾಲೆಯ ಒಂದನೇ ಇಯತ್ತೆಯಲ್ಲಿ, ಇಂಗ್ಲಿಷ್ ವಿಭಾಗದಲ್ಲಿ ಓದುತ್ತಾಳೆ. ಎಂಟು ತಿಂಗಳಲ್ಲಿ ಅವಳು ಪೂರ್ತಿ ಕಲಿತದ್ದು ಒಂದೇ ವಿದ್ಯೆ: ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಮೂತ್ರ ತಡೆದುಕೊಂಡು ಕೂಡ್ರುವುದು. ತಮ್ಮ ಇಲಾಖೆಯ ಪ್ರಗತಿಪತ್ರದಲ್ಲಿ ಇದಕ್ಕೆ ಕಾಲಂ ಇಲ್ಲ. ಮೂರು ಸಲ ಕಚೇರಿಗೆ ಬಂದು ಹೇಳಿದರೂ ತಮಗೆ ತಲುಪಿದಂತಿಲ್ಲ. ಆದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಜಮಖಂಡಿಯಲ್ಲಿ ಕೋರ್ಟಿನ ಎದುರು ಮೇಜು ಹಾಕಿಕೊಂಡು ಹದಿನಾರು ವರ್ಷದಿಂದ ಜನರ ಅರ್ಜಿ ಬರೆದುಕೊಡುವವನು. ನಮ್ಮದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅಣ್ಣ ಈಗಲೂ ಹಿಪ್ಪರಗಿ ಕಡೆ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಾನೆ. ಮನೆಯಲ್ಲಿ ಮೊದಲು ಪೆನ್ನು ಹಿಡಿದವನು ನಾನೇ. ನಮ್ಮೂರ ಶಾಲೆಗೆ ಇಂಗ್ಲಿಷ್ ವಿಭಾಗ ಬೇಕೆಂದು ತಮ್ಮ ಕಚೇರಿಗೆ ಬಂದ ಅರ್ಜಿಯನ್ನು ಬರೆದವನೂ ನಾನೇ. ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಸಹಿ ಬಾರದವರ ಹೆಬ್ಬೆಟ್ಟು ಹಿಡಿದು ಒತ್ತಿಸಿದೆ. ವಿಭಾಗ ಮಂಜೂರಾದ ಮೇಲೆ ಊರವರು ನನ್ನನ್ನು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು.

ಮೊದಲ ಸಭೆಯಲ್ಲೇ ಒಂದು ಠರಾವು ಮಂಡಿಸಿದೆ. ಇಂಗ್ಲಿಷ್ ವಿಭಾಗದ ಕೋಣೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಇರಕೂಡದು. ಮಕ್ಕಳು ಕನ್ನಡದಲ್ಲಿ ಕೇಳಿದರೆ ಶಿಕ್ಷಕಿ ಉತ್ತರ ಕೊಡಕೂಡದು. ಒಂದನೇ ಇಯತ್ತೆಗೆ ಕಲಿಸುವ ಶೀತಲ್ ಟೀಚರ್ ದಿನಾಲೂ ತೇರದಾಳದಿಂದ ಬಸ್ಸಿಗೆ ಬರುವವರು. ಅವರು ಎದ್ದು ನಿಂತು, "ಸರ್, ಹುಡುಗ್ರು ಭಾಳ ಸಣ್ಣವು ಅದಾವ್ರಿ. ಒಂದ್ನಾಕು ತಿಂಗಳು ಕನ್ನಡ, ಇಂಗ್ಲಿಷ್ ಎರಡೂ ಮಾತಾಡ್ಲಿ ಬಿಡ್ರಿ" ಅಂದರು.

"ಟೀಚರ್, ನೀರಿಗೆ ಇಳೀದ ಈಜು ಹೆಂಗ ಬರ್ತೈತ್ರಿ?" ಅಂದೆ ನಾನು. ಜನ ಚಪ್ಪಾಳೆ ತಟ್ಟಿದರು. ಠರಾವು ಪಾಸಾಯಿತು.

ಶಾಲೆಗೆ ಹೋಗುವ ಮೊದಲು ಭಾಗ್ಯಾಳ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅಣ್ಣನ ಹಟ್ಟಿಗೆ ಹೋಗಿ ಬಂದರೆ ಯಾವ ಮರಿ ಯಾವ ಕುರಿಯದು, ಯಾವುದು ಹಾಲು ಕುಡಿಯಲಿಲ್ಲ, ಯಾವುದರ ಕಾಲಿಗೆ ಮುಳ್ಳು ಚುಚ್ಚಿತು ಎಂದು ನನ್ನ ತಾಯಿ ಯಂಕವ್ವನಿಗೆ ಊಟ ಮುಗಿಯುವವರೆಗೂ ವರದಿ ಒಪ್ಪಿಸುತ್ತಿದ್ದಳು. ಶಾಲೆ ಶುರುವಾದ ಮೇಲೆ ಹಣ್ಣುಗಳ ಹೆಸರು ಬಂದವು, ಎರಡು ಹಾಡು ಬಂದವು. ತಮ್ಮ ಕಚೇರಿಯಿಂದ ತಪಾಸಣೆಗೆ ಬಂದವರು ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಕೇಳಿದರು, ಹೇಳಿದಳು. ತಂದೆಯ ಹೆಸರು ಕೇಳಿದರು, ಮತ್ತೆ ತನ್ನದೇ ಹೆಸರು ಹೇಳಿದಳು. ಎಲ್ಲರೂ ನಕ್ಕೆವು. ಅವರು ಸಂದರ್ಶಕರ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು, ಚಹಾ ಕುಡಿದು ಹೋದರು. ಮಗು ಕೇಳಿದ್ದೇನೆಂದು ತಿಳಿಯದೆ ಉತ್ತರ ಕೊಟ್ಟಿತೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹೊಳೆದದ್ದು ಅಕ್ಷರ ಬಾರದ ನನ್ನ ತಾಯಿಗೆ. "ಕೂಸಿನ ನೀರಿನ ಬಾಟ್ಲಿ ತುಂಬಿದ್ದು ತುಂಬಿದ್ಹಂಗ ಹೊಳ್ಳಿ ಬರಾಕತ್ತೈತಿ ನೋಡಪಾ" ಅಂದಳು. ಚಳಿಗಾಲ, ನೀರಡಿಕೆ ಆಗಲಿಕ್ಕಿಲ್ಲ ಅಂದೆ. ಸಂಕ್ರಮಣ ಮುಗಿದು ನಾಲ್ಕು ದಿನಕ್ಕೆ ಮಗುವಿಗೆ ಚಳಿಜ್ವರ ಬಂತು. ಒಂದಕ್ಕೆ ಹೋಗಲು ಕುಳಿತವಳು ಉರಿ ತಾಳದೆ ಆಯಿಯ ಸೀರೆ ಹಿಡಿದು ಅಳುತ್ತಿದ್ದಳು. ಆಯಿ ಎಂದರೆ ಅವಳಿಗೆ ನನ್ನ ತಾಯಿ.

ಜಮಖಂಡಿಯ ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ ನೋಡಿ, ಸೋಂಕು ಆಗಿದೆ, ಬಹಳ ದಿನದಿಂದ ತಡೆದುಕೊಂಡಿದ್ದಾಳೆ ಅಂದರು. "ಸಾಲ್ಯಾಗ ಒಂದಕ್ಕ ಹೋಗೂದಿಲ್ಲೇನವಾ?" ಎಂದು ಕೇಳಿದರು. ಅವಳು ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಗ ನನ್ನ ತಾಯಿ ಅವಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಕೇಳಿದಳು.

"ಆ ಮಾತು ನನಗ ಬರೂದಿಲ್ಲ ಆಯಿ."

"ಯಾವ ಮಾತ ಬೇ?"

"ಹೊರಗ ಹೋಗೂ ಮಾತು. ಇಂಗ್ಲಿಷಿಂದು."

"ಕನ್ನಡದಾಗ ಕೇಳಬೇಕಿಲ್ಲೋ ನನ್ನವ್ವಾ?"

"ಕನ್ನಡದಾಗ ಕೇಳಿದ್ರ ಟೀಚರ್‌ಗೆ ಕೇಳಸೂದಿಲ್ಲ. ಅಪ್ಪಾ ಹಂಗ ಮಾಡ್ಯಾನ."

ಡಾಕ್ಟರು ನನ್ನ ಮುಖ ನೋಡದೆ ಚೀಟಿ ಬರೆದರು. ಹತ್ತು ದಿನದ ಔಷಧಕ್ಕೆ ಜ್ವರ ಇಳಿಯಿತು, ಉರಿ ಹೋಯಿತು.

ಶಾಲೆಗೆ ಹೋಗಿ ಶೀತಲ್ ಟೀಚರ್ ಮುಂದೆ ನಿಂತೆ. ಬೈಯಲು ಹೋಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ಖಾಲಿ ಕೋಣೆಯಲ್ಲಿ ಮಕ್ಕಳ ಸಣ್ಣ ಬೆಂಚಿನ ಮೇಲೆ ಕುಳಿತು ಹೇಳಿದರು: "ಖರೆ ಹೇಳ್ತೇನ್ರಿ. ನಾನೂ ಕನ್ನಡ ಸಾಲಿ ಕಲ್ತಾಕಿ. ನನಗ ಬರೋ ಇಂಗ್ಲಿಷ್ ಆ ಪುಸ್ತಕದಾಗ ಇದ್ದಷ್ಟ. ಹುಡುಗ್ರು ಪುಸ್ತಕದಾಗಿಲ್ಲದ್ದು ಏನರೆ ಕೇಳಿದ್ರ ನಾನೂ ಸುಮ್ನ ನಿಂದರ್ತೇನಿ. ನಿಮ್ಮ ಭಾಗ್ಯಾ ಒಬ್ಬಾಕಿ ಅಲ್ರಿ, ಇನ್ನೂ ಮೂರು ಹುಡುಗ್ರು ನೀರ ಕುಡಿಯೂದಿಲ್ಲ. ಹೆಡ್ ಮಾಸ್ತರಿಗೆ ಹೇಳಿದ್ರ ಠರಾವು ತೋರಸ್ತಾರ. ಠರಾವಿನ ಮ್ಯಾಲ ನಿಮ್ಮ ಸಹಿ ಐತಿ."

ಸಹಿ ಹಾಕಿದವನೇ ಅದನ್ನು ತೆಗೆಯಬಹುದೆಂದು ತಿಳಿದು ಸಭೆ ಕರೆದೆ. ಕಬ್ಬಿನ ತೋಟದ ಧರೆಪ್ಪ ಎದ್ದು ನಿಂತ. "ನಿಮ್ಮ ಮಗಳಿಗೆ ಆಗಲಿಲ್ಲಂತ ನಮ್ಮ ಹುಡುಗ್ರ ಇಂಗ್ಲಿಷ್ ತಪ್ಪಸ್ತೀರೇನ್ರಿ? ಇಂಗ್ಲಿಷ್ ಬರಲಿಲ್ಲಂದ್ರ ನಿಮ್ಮಂಗ ಜಲಮಪೂರ್ತಿ ಕೋರ್ಟಿನ ಮುಂದ ಕುಂದರಬೇಕಾಗ್ತೈತಿ ಅಂತ ನೀವ ನಮ್ಮ ಮನಿಗೆ ಬಂದು ಹೇಳಿದ್ದಲ್ಲ?" ಹೌದು, ಹೇಳಿದ್ದೆ. ಠರಾವು ರದ್ದಾಗಲೆಂದು ಎದ್ದ ಕೈಗಳು ಎರಡು. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿ ತಾರವ್ವನದು.

ಹಾಗಾದರೆ ಮಗಳನ್ನು ಕನ್ನಡ ವಿಭಾಗಕ್ಕಾದರೂ ಹಾಕಿರಿ ಎಂದು ಹೆಡ್ ಮಾಸ್ತರರನ್ನು ಕೇಳಿದೆ. ಒಂದನೇ ಇಯತ್ತೆಗೆ ಕನ್ನಡ ವಿಭಾಗವೇ ಉಳಿದಿಲ್ಲವಂತೆ. ನನ್ನ ಮಾತು ಕೇಳಿ ಎಲ್ಲರೂ ಇಂಗ್ಲಿಷಿಗೆ ಹಾಕಿದ್ದರಿಂದ ಅದು ತಾನಾಗಿ ಮುಚ್ಚಿತು. ಪಕ್ಕದೂರಿನ ಶಾಲೆ ಐದು ಕಿಲೋಮೀಟರು. ಶಾಲೆಯ ಹೊತ್ತಿಗೆ ಆ ರಸ್ತೆಯ ಮೇಲೆ ಓಡುವುದು ಕಬ್ಬಿನ ಟ್ರ್ಯಾಕ್ಟರುಗಳು ಮಾತ್ರ. ತಮ್ಮ ಕಚೇರಿಗೆ ಬಂದೆ. ಅದು ಸಮಿತಿಯ ಒಳಗಿನ ವಿಷಯ ಎಂದು ಗುಮಾಸ್ತರು ಹೇಳಿದರು. ಎರಡನೇ ಸಲ ಬಂದಾಗ, ಮಾಧ್ಯಮ ಬದಲಾಯಿಸಲು ಹೊಸ ವರ್ಷ ಬರಲಿ ಅಂದರು. ಮೂರನೇ ಸಲ ತಾವೇ ಸಿಕ್ಕಿರಿ. ನನ್ನ ಅರ್ಜಿಯನ್ನು ಪೂರ್ತಿ ಓದಿ ತಾವು ಹೇಳಿದ್ದು ಇಷ್ಟು: "ಭಾಷಾ ಛಲೋ ಐತ್ರಿ ನಿಮ್ಮದು. ಆದ್ರ ಅಧ್ಯಕ್ಷರೂ ನೀವ, ಅರ್ಜಿದಾರರೂ ನೀವ. ನಾ ಯಾರ ಮಾತು ಕೇಳ್ಲಿ?"

ಮಾನ್ಯರೇ, ಮಗುವಿನ ಮಾತು ಕೇಳಬಹುದಿತ್ತಲ್ಲವೇ? ಆರು ವರ್ಷದ ಕೂಸು ಒಂದನೇ ಇಯತ್ತೆಯಲ್ಲಿ ಮೊದಲು ಏನು ಕಲಿಯಬೇಕು? ನನಗೆ ತಿಳಿದ ಮಟ್ಟಿಗೆ, ತಾನು ಕೇಳಿದರೆ ಎದುರಿಗಿದ್ದ ದೊಡ್ಡವರು ಕಿವಿ ಕೊಡುತ್ತಾರೆ ಎಂಬುದನ್ನು. ಅದೊಂದು ಬಂದರೆ ಉಳಿದ ಅಕ್ಷರ, ಅಂಕಿ, ಇಂಗ್ಲಿಷ್ ಎಲ್ಲವೂ ಹಿಂದಿನಿಂದ ಬಂದಾವು. ನಾನು ಇಂಗ್ಲಿಷಿನ ವೈರಿಯಲ್ಲ, ಇವತ್ತಿಗೂ ಅಲ್ಲ. ಆದರೆ ಸಾಹೇಬರ ಮುಂದೆ ಹೇಗೆ ಮಾತಾಡಬೇಕೆಂದು ತಿಳಿಯದ ಮುದುಕರು, ವಿಧವೆಯರು ನನ್ನ ಮೇಜಿನ ಮುಂದೆ ಬಂದು ನಿಲ್ಲುವುದನ್ನು ಹದಿನಾರು ವರ್ಷ ನೋಡಿದ್ದೇನೆ. ಅವರಿಗೆ ನೋವು ಇರುತ್ತದೆ, ಮಾತೂ ಇರುತ್ತದೆ, ಆ ಮಾತು ಮೇಲಿನವರಿಗೆ ನಡೆಯುವುದಿಲ್ಲ, ಅಷ್ಟೇ. ಅಂಥವರಿಂದಲೇ ನನ್ನ ಹೊಟ್ಟೆ ತುಂಬಿದೆ. ಈಗ ಅಂಥ ಸಾಲಿನಲ್ಲಿ ನನ್ನ ಮಗಳನ್ನು ನಾನೇ ಕೈಹಿಡಿದು ತಂದು ನಿಲ್ಲಿಸಿದ್ದೇನೆ. ಬಾಗಿಲು ಹಾಕಿದವನು ನಾನು, ಚಿಲಕ ತಮ್ಮ ಕೈಯಲ್ಲಿ. ಒಳಗೆ ಕುಳಿತದ್ದು ಇಪ್ಪತ್ತಾರು ಮಕ್ಕಳು ಮತ್ತು ಒಬ್ಬ ಟೀಚರು.

ಆ ಟೀಚರು ಮಾತ್ರ ಒಂದು ದಾರಿ ಕಂಡುಕೊಂಡರು. ಕಿರುಬೆರಳು ಎತ್ತಿದರೆ ಹೊರಗೆ ಬಿಡುತ್ತಾರೆ. ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಠರಾವಿಗೆ ಚ್ಯುತಿ ಇಲ್ಲ. ಭಾಗ್ಯಾ ಈಗ ನೀರು ಕುಡಿಯುತ್ತಾಳೆ, ಒಂದಕ್ಕೂ ಹೋಗಿ ಬರುತ್ತಾಳೆ. ಆದರೆ ಬೆರಳಿನಿಂದ ಕೆಲಸ ಆಗುತ್ತದೆಂದು ಗೊತ್ತಾದ ಮೇಲೆ ಬಾಯಿ ತೆರೆಯುವುದೇ ಕಡಿಮೆಯಾಗಿದೆ. ಅಣ್ಣ ಮೊನ್ನೆ ಹಟ್ಟಿಯಿಂದ ಬಂದು, ಕರೀ ಕುರಿ ಎರಡು ಮರಿ ಹಾಕೈತಿ ಎಂದು ಹೇಳಿದ. ಅವಳು ತಲೆ ಅಲ್ಲಾಡಿಸಿದಳು, ಅಷ್ಟೇ.

ನನ್ನ ಬೇಡಿಕೆ ಒಂದು ಸಾಲಿನದು. ಒಂದರಿಂದ ಮೂರನೇ ಇಯತ್ತೆಯ ಮಕ್ಕಳು ತಮಗೆ ಬರುವ ಮಾತಿನಲ್ಲಿ ಏನು ಕೇಳಿದರೂ ಶಿಕ್ಷಕರು ಉತ್ತರ ಕೊಡತಕ್ಕದ್ದು, ಇದಕ್ಕೆ ವಿರುದ್ಧವಾದ ಯಾವ ಸಮಿತಿಯ ಠರಾವೂ ಊರ್ಜಿತವಲ್ಲ ಎಂದು ತಾವು ಲಿಖಿತ ಆದೇಶ ಮಾಡಬೇಕು. ಬೆರಳಿನ ದಾರಿ ಕಂಡ ಶಿಕ್ಷಕಿಗೆ ನೋಟಿಸು ಹೋಗಕೂಡದು. ತಪ್ಪು ಯಾರದೆಂದು ಬರೆಯುವ ಜಾಗದಲ್ಲಿ ನನ್ನ ಹೆಸರನ್ನೇ ಬರೆಯಿರಿ, ತಕರಾರಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಆದೇಶ ಬರಲಿ. ಅವಸರ ಮಾಡುತ್ತಿರುವುದಕ್ಕೆ ಕಾರಣವಿದೆ. ನಿನ್ನೆ ಊಟಕ್ಕೆ ಕುಳಿತಾಗ ಭಾಗ್ಯಾ ಬಹಳ ದಿನದ ಮೇಲೆ ತಾನಾಗಿ ನನ್ನನ್ನು ಒಂದು ಮಾತು ಕೇಳಿದಳು:

"ಅಪ್ಪಾ, ಎರಡನೇ ಇಯತ್ತೆಕ್ಕ ಹ್ವಾದ ಮ್ಯಾಲ ಏನೇನು ಕೇಳಬಾರದು?"

ಇಂತಿ,
ಮಗಳಿಗೆ ಇನ್ನೂ ಉತ್ತರ ಹೇಳದ ತಂದೆ,
ಅಮಸಿದ್ದಪ್ಪ