ನಾನೂರು ಬಿಂದುಗಳ ಎಣಿಕೆ

ಅಪ್ಪನಿಗೆ,

ಫೋನ್ ಬಿಟ್ಟು ಪತ್ರ ಬರೆಯುತ್ತಿರುವುದಕ್ಕೆ ಸಾರಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಕಲ್ಲಿನ ತೆಳು ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಒಂದೊಂದೇ ಹೆಜ್ಜೆ ಸರಿಸುತ್ತಾ, ನಟ್ಟನಡುವೆ ಯಾವ ಖನಿಜ ಬಂತೆಂದು ನಾನೂರು ಸಲ ಗುರುತು ಹಾಕಿದೆ. ಕ್ವಾರ್ಟ್ಜ್ ಇಪ್ಪತ್ತಾರು ಪರ್ಸೆಂಟ್ ಬಂತು. ನಾನೂರೇ ಬಿಂದು ಎಣಿಸಿದಾಗ ನಾಲ್ಕೂವರೆ ಪರ್ಸೆಂಟ್ ಆಚೀಚೆ ಆಗುವುದು ಸಹಜ. ಆ ಎರರ್ ಕೂಡ ಬರೆದೆ. ಅದೇ ಸ್ಲೈಡ್ ಎಣಿಸಿದ ಕ್ಲಾಸಿನ ಉಳಿದ ಐವರಿಗೂ ಸರಿಯಾಗಿ ಮೂವತ್ತು. ಹೋದ ವರ್ಷದವರ ಲ್ಯಾಬ್ ರೆಕಾರ್ಡಿನಲ್ಲೂ ಮೂವತ್ತೇ ಇದೆ. ನಿಜವಾಗಿ ಎಣಿಸಿದ ಐವರಿಗೆ ಹಾಗೆ ಒಂದೇ ಸಂಖ್ಯೆ ಬರುವುದಿಲ್ಲ ಅಪ್ಪ.

ಮೇಷ್ಟ್ರು ಎಲ್ಲರೆದುರು, "ಐದು ಜನ ಸುಳ್ಳು, ನೀನೊಬ್ಬಳೇ ಸಾಚಾನಾ? ಕೂತಲ್ಲೇ ನಂಬರ್ ಹುಟ್ಟಿಸಿ, ಮೇಲೆ ಎರರ್ ಅಂತ ಒಗ್ಗರಣೆ ಬೇರೆ!" ಎಂದರು. ತಪ್ಪೊಪ್ಪಿಗೆಯ ಕಾಗದ ನಿಮಗೆ ಕಳಿಸಿದರು. ನೀವು ನನ್ನನ್ನು ಒಂದು ಮಾತೂ ಕೇಳದೆ ಸಹಿ ಹಾಕಿದಿರಿ. "ಒಂದು ಸಹಿ ತಾನೇ, ಹೋಗ್ಲಿ ಬಿಡು ಮಗಳೇ" ಅಂದಿರಿ. ಆರನೇ ವಯಸ್ಸಿನಿಂದ ಹಾಸ್ಟೆಲ್ ಕಳಿಸಿದ ಕಾಗದಗಳಿಗೆಲ್ಲ ಹಾಗೇ ಸಹಿ ಹಾಕಿದ್ದೀರಿ. ಇದನ್ನಾದರೂ ಓದಿದಿರಾ? "ನನ್ನ ಮಗಳು ಸುಳ್ಳು ಲೆಕ್ಕ ಕೊಟ್ಟಿದ್ದಾಳೆ" ಎಂದಿತ್ತು.

ತಿಂಗಳ ಕೊನೆಗೆ ಅದು ನನ್ನ ಫೈಲಿಗೆ ಸೇರುತ್ತದೆ. ಸಹಿ ವಾಪಸ್ ಪಡೆಯುತ್ತೇನೆಂದು ಮೇಷ್ಟ್ರಿಗೆ ಎರಡು ಸಾಲು ಬರೆಯಿರಿ. ಅವರೆದುರೇ ಮತ್ತೆ ಎಣಿಸಲು ನಾನು ತಯಾರು. ಆಗಲೂ ಇಪ್ಪತ್ತಾರೇ ಬರುತ್ತದೆಂದು ಮಾತ್ರ ಭಾಷೆ ಕೊಡಲಾರೆ.

ಬರೆಯಲು ಇಷ್ಟವಿಲ್ಲದಿದ್ದರೆ ಅದನ್ನಾದರೂ ಹೇಳಿ. ದಯವಿಟ್ಟು ಬೇಗ ಉತ್ತರಿಸಿ.

ನಿಮ್ಮ ಮಗಳು